ಪೆಟ್ರಾಗೆ ಹೋಗುವವರೇ, ಖಜ್ನೆಯ ಮುಂದೆ ಕರೆಯುವವರ ಹಿಂದೆ ಹೋಗಬೇಡಿ

ಮಾರ್ಚ್‌ನಲ್ಲಿ ಅಪ್ಪನನ್ನು ಜೋರ್ಡಾನ್‌ನ ಪೆಟ್ರಾ ತೋರಿಸಲು ಕರೆದುಕೊಂಡು ಹೋಗಿದ್ದೆ. ನಾನು ಕೆಲಸ ಮಾಡುವುದು ದುಬೈನಲ್ಲಿ. ಅಪ್ಪ ಬಾದಾಮಿಯವರು, ವಯಸ್ಸು 68. ಬಂಡೆ ಕೊರೆದು ಮಾಡಿದ ಊರು ಅಂದರೆ ಅವರಿಗೆ ಪ್ರಾಣ. ಅಲ್ಲಿ ನಮಗಾದದ್ದು ಬೇರೆ ಯಾರಿಗೂ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಬೆಳಿಗ್ಗೆ ಚೆನ್ನಾಗೇ ಶುರುವಾಯಿತು. ಒಳಗೆ ಹೋಗಲು ಸಿಕ್ ಅನ್ನುವ ಕಿರಿದಾದ ಕಣಿವೆ ಇದೆ, 1.2 ಕಿ.ಮೀ. ಉದ್ದ. ಬಂಡೆಯ ಬುಡದಲ್ಲಿ, ಈ ಊರು ಕಟ್ಟಿದ ನಬಾತಿಯನ್ನರು ಸುಮಾರು ಎರಡು ಸಾವಿರ ವರ್ಷದ ಹಿಂದೆ ಕೊರೆದ ನೀರಿನ ಕಾಲುವೆ ಇನ್ನೂ ಕಾಣುತ್ತದೆ. ಅಪ್ಪ ಅದರ ಅಂಚಿನ ಮೇಲೆ ಬೆರಳಾಡಿಸುತ್ತಾ ನಡೆದರು. "ಮಳಿ ಇಲ್ಲದ ಊರಾಗ ನೀರು ಹೆಂಗ ಕೂಡಿಸ್ಯಾರ ನೋಡವಾ" ಅಂದರು. ಕಣಿವೆ ಮುಗಿಯುವಲ್ಲಿ ಎದುರಿಗೇ ಬಂಡೆಯಲ್ಲಿ ಕೊರೆದ ಖಜ್ನೆ. ಸುಮಾರು 40 ಮೀಟರ್ ಎತ್ತರ. ಹೆಸರು ನಮ್ಮ ಖಜಾನೆಯದ್ದೇ, ಆದರೆ ಅದು ಸಮಾಧಿ.

ಅಲ್ಲೇ ಒಬ್ಬ ಹುಡುಗ ಹತ್ತಿರ ಬಂದ. ಒಳ್ಳೆ ಇಂಗ್ಲಿಷ್, ತುಂಬಾ ವಿನಯ. ಮೇಲಿನಿಂದ ಖಜ್ನೆ ನೋಡುವ ಜಾಗಕ್ಕೆ ಕರೆದುಕೊಂಡು ಹೋಗುತ್ತೇನೆ, ಇಪ್ಪತ್ತೇ ನಿಮಿಷ, ಇಬ್ಬರಿಗೂ ಸೇರಿ 10 ದಿನಾರ್ ಅಂದ. ಅಪ್ಪ ಹತ್ತಬಲ್ಲರಾ ಅಂತ ಕೇಳಿದೆ. ಮಕ್ಕಳೇ ಹತ್ತುತ್ತಾರೆ ಅಂದ. ನಾನು ಅವನ ಹತ್ತಿರ ಗುರುತಿನ ಕಾರ್ಡ್ ಕೇಳಲಿಲ್ಲ. ತಪ್ಪು ನನ್ನದೇ.

ಅದು ದಾರಿಯೇ ಅಲ್ಲ. ಕಡಿದಾದ ಬಂಡೆ, ಅಲ್ಲಲ್ಲಿ ಸವೆದ ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇಲ್ಲ. ಅಲ್ಲಿಯ ಮರಳುಗಲ್ಲು ಕೈಯಿಟ್ಟರೆ ಪುಡಿಯಾಗಿ ಉದುರುತ್ತದೆ. ಅಂಗೈ ತುಂಬಾ ಕೆಂಪು ಮರಳು, ಬೆವರು ಸೇರಿದರೆ ಜಾಸ್ತಿ ಜಾರುತ್ತದೆ. ಅರ್ಧಕ್ಕೆ ಬರುವಷ್ಟರಲ್ಲಿ ಅಪ್ಪನ ಮೊಣಕಾಲು ನಡುಗತೊಡಗಿತು. "ನೀ ಹೋಗವಾ, ನಾ ಇಲ್ಲೇ ಕೂಡ್ತೀನಿ" ಅಂದರು. ಕೂರುವುದಕ್ಕೂ ಅಲ್ಲಿ ಎರಡು ಅಡಿ ಜಾಗವಷ್ಟೇ ಇತ್ತು.

ವಾಪಸ್ ಇಳಿಸು ಅಂದೆ. ಇಳಿಸಬೇಕಾದರೆ 60 ದಿನಾರ್ ಅಂದ. ಒಂದು ದಿನಾರ್‌ಗೆ ನಮ್ಮ ನೂರು ರೂಪಾಯಿಗಿಂತ ಜಾಸ್ತಿ, ಲೆಕ್ಕ ಹಾಕಿ. ನನ್ನ ಹತ್ತಿರ 35 ಇತ್ತು. ಅಷ್ಟನ್ನೂ ತೆಗೆದುಕೊಂಡ. ಇನ್ನಿಬ್ಬರನ್ನು ಕರೆದುಕೊಂಡು ಬರುತ್ತೇನೆ, ಇಲ್ಲೇ ಇರಿ ಅಂತ ಇಳಿದು ಹೋದವನು ಮತ್ತೆ ಬರಲಿಲ್ಲ. ಬಾಟಲಿಯಲ್ಲಿ ಎರಡು ಗುಟುಕು ನೀರು ಉಳಿದಿತ್ತು. ನೆತ್ತಿಯ ಮೇಲೆ ಬಿಸಿಲು.

ಒಂದು ಗಂಟೆಯ ಮೇಲೆ, ಕೆಳಗೆ ಸರ ಮಾರುತ್ತಿದ್ದ ಬೆದೂಯಿನ್ (ಮರುಭೂಮಿಯ ಅರಬ್ ಬುಡಕಟ್ಟಿನ) ಹೆಂಗಸೊಬ್ಬರು ನಮ್ಮನ್ನು ನೋಡಿ ತಮ್ಮ ಮಗನನ್ನು ಮೇಲೆ ಕಳಿಸಿದರು. ಅಪ್ಪ ಕೂತುಕೊಂಡೇ ಒಂದೊಂದು ಮೆಟ್ಟಿಲು ಜಾರಿ ಇಳಿದರು. ಎರಡೂ ಅಂಗೈ ತರಚಿ ರಕ್ತ. ಆ ತಾಯಿ ಚಹಾ ಕೊಟ್ಟು, ಗಾಯ ತೊಳೆದು, ದುಡ್ಡು ಕೊಡುತ್ತೇನೆ ಅಂದರೂ ಮುಟ್ಟಲಿಲ್ಲ. ಆ ಕಡೆಯಿಂದ ಹತ್ತಬಾರದು ಅನ್ನುವ ಬೋರ್ಡ್ ನನ್ನ ಕಣ್ಣಿಗೆ ಬಿದ್ದದ್ದು ಆಗ.

ದಯವಿಟ್ಟು ಗೈಡ್‌ನನ್ನು ಗೇಟಿನ ಹತ್ತಿರದ ವಿಸಿಟರ್ ಸೆಂಟರ್‌ನಲ್ಲೇ ಗೊತ್ತು ಮಾಡಿಕೊಳ್ಳಿ. ಲೈಸೆನ್ಸ್ ಕಾರ್ಡ್ ನೋಡಿ, ಎಷ್ಟು ಹೊತ್ತು, ಎಷ್ಟು ದುಡ್ಡು ಅಂತ ಅಲ್ಲೇ ಮಾತಾಡಿ. ಮೇಲಿನಿಂದ ಖಜ್ನೆ ನೋಡಲೇಬೇಕು ಅಂದರೆ ರಾಜರ ಸಮಾಧಿಗಳ ಪಕ್ಕದಿಂದ ಅಲ್ ಖುಬ್ತಾ ಅನ್ನುವ ಅಧಿಕೃತ ದಾರಿ ಇದೆ. ಅದೂ ಮೆಟ್ಟಿಲೇ, ಗಟ್ಟಿ ಕಾಲಿನವರಿಗೆ ಮಾತ್ರ. ಮೋಡ ಕಂಡರಂತೂ ಪಕ್ಕದ ಕೊರಕಲುಗಳಿಗೆ ಕಾಲಿಡಲೇಬೇಡಿ. 1963ರಲ್ಲಿ ಸಿಕ್‌ನಲ್ಲಿ ದಿಢೀರ್ ಪ್ರವಾಹ ಬಂದು ಇಪ್ಪತ್ತಕ್ಕೂ ಹೆಚ್ಚು ಫ್ರೆಂಚ್ ಪ್ರವಾಸಿಗರು ತೀರಿಕೊಂಡರು. 2018ರ ನವೆಂಬರ್‌ನಲ್ಲೂ ನೀರು ನುಗ್ಗಿ ಸಾವಿರಾರು ಜನರನ್ನು ಹೊರಗೆ ಕಳಿಸಬೇಕಾಯಿತು.

ಜೋರ್ಡಾನ್‌ನಲ್ಲಿ ರಾತ್ರಿ ತಂಗುವವರಿಗೆ ಟಿಕೆಟ್ ಒಂದು ದಿನಕ್ಕೆ 50 ದಿನಾರ್, ಎರಡು ದಿನಕ್ಕೆ 55. ನಾವು ಹೋದಾಗ ಇದ್ದದ್ದು ಇಷ್ಟು. ಎರಡು ದಿನದ್ದೇ ತೆಗೆದುಕೊಳ್ಳಿ. ನಾನು ಸುಮ್ನೆ ಐದು ದಿನಾರ್ ಉಳಿಸಲು ಹೋಗಿ ಒಂದೇ ದಿನದ್ದು ತೆಗೆದುಕೊಂಡಿದ್ದೆ. ಅಪ್ಪ ನೋಡಬೇಕು ಅಂತ ವರ್ಷಗಳಿಂದ ಹೇಳುತ್ತಿದ್ದ ರಾಜರ ಸಮಾಧಿಗಳು ಖಜ್ನೆಯಿಂದ ಹತ್ತು ನಿಮಿಷದ ನಡಿಗೆ, ಏನೂ ಹತ್ತದೆ ಕೆಳಗೆ ನಿಂತೇ ನೋಡಬಹುದು. ನಾವು ಅಲ್ಲಿಯವರೆಗೂ ಹೋಗಲಿಲ್ಲ.