ಶೆಡ್ಡಿನ ಹೊತ್ತು, ಮಾರುಕಟ್ಟೆಯ ಹೊತ್ತು: ಗಾಡಿ ರಿಪೇರಿಯೊಂದಿಗೆ ಕರೆನ್ಸಿ ಟ್ರೇಡಿಂಗ್‌ನ ನಾಲ್ಕು ಕ್ರಮಗಳ ಹೋಲಿಕೆ

ಡಾಲರ್, ಯೂರೋಗಳ ಮುಂದೊಂದು ದಿನದ ದರವನ್ನು ಈಗಲೇ ಗೊತ್ತುಮಾಡಿಕೊಳ್ಳುವ ಕರೆನ್ಸಿ ಫ್ಯೂಚರ್ಸ್ ಮಾರುಕಟ್ಟೆ ಬೆಳಿಗ್ಗೆ 9ಕ್ಕೆ ತೆರೆದು ಸಂಜೆ 5ಕ್ಕೆ ಮುಚ್ಚುತ್ತದೆ. ಗಾಡಿ ಕೆಲಸಕ್ಕೆ ಬೆಳಕು, ಲೇತ್ ಅಂಗಡಿ, ಸ್ಪೇರ್ಸ್ ಅಂಗಡಿ ಎಲ್ಲ ಸಿಗುವುದೂ ಅದೇ ಎಂಟು ಗಂಟೆಯಲ್ಲಿ. ಎರಡು ಮೂರು ಹಳೇ ಗಾಡಿ ಬಿಚ್ಚಿಟ್ಟುಕೊಂಡು ಜೊತೆಗೆ ಟ್ರೇಡಿಂಗ್ ಮಾಡುವವರಿಗೆ ಇದೇ ದೊಡ್ಡ ತೊಡಕು. ಮಂಗಳೂರು–ಉಡುಪಿಯ ಮಳೆ, ಸೆಕೆ, ಉಪ್ಪುಗಾಳಿಯಲ್ಲಿ ನಾಲ್ಕು ಕ್ರಮಗಳನ್ನು ಮಾಡಿ ನೋಡಿದಾಗ ಕಂಡದ್ದು ಇಲ್ಲಿದೆ.

ಮೊದಲು ಕಾನೂನಿನ ವಿಷಯ. ರಿಸರ್ವ್ ಬ್ಯಾಂಕಿನ 2024ರ ಜನವರಿಯ ಸುತ್ತೋಲೆ ಆ ವರ್ಷದ ಮೇ 3ರಿಂದ ಜಾರಿಯಲ್ಲಿದೆ. ಡಾಲರ್–ರೂಪಾಯಿ, ಯೂರೋ–ರೂಪಾಯಿಯಂಥ ಕಾಂಟ್ರಾಕ್ಟ್ (ಫ್ಯೂಚರ್ಸ್ ಒಪ್ಪಂದ) ಹಿಡಿಯುವವರಿಗೆ ವಿದೇಶಿ ಹಣದಲ್ಲಿ ನಿಜವಾದ ಪಾವತಿಯೋ ವಸೂಲಿಯೋ ಇರಬೇಕು. ಅದೇ ಮೊತ್ತಕ್ಕೆ ಬೇರೆ ಕಡೆ ಫಾರ್ವರ್ಡ್‌ನಂಥ ದರ ರಕ್ಷಣೆಯ ಒಪ್ಪಂದ ಮಾಡಿಸಿರಬಾರದು. 10 ಕೋಟಿ ಡಾಲರ್‌ವರೆಗೆ ದಾಖಲೆಯನ್ನು ಮೊದಲೇ ಕೊಡಬೇಕಿಲ್ಲ, ಆದರೆ ಕೇಳಿದರೆ ತೋರಿಸಲು ಅದು ಕೈಯಲ್ಲಿರಬೇಕು. ಹಾಗಾಗಿ ಸುಮ್ಮನೆ ಡಾಲರ್ ಏರಿಳಿತದ ಮೇಲೆ ಹಣ ಕಟ್ಟುವವರಿಗೆ ಇಲ್ಲಿ ಜಾಗವಿಲ್ಲ. ಮೈಸೂರಿನಲ್ಲಿ ತಯಾರಾದ ಹಳೇ ಯೆಜ್ಡಿಗೆ ಜೆಕ್ ದೇಶದಿಂದ ಯೂರೋ ಕೊಟ್ಟು ಜಾವಾ ಪಾರ್ಟ್ಸ್ ತರಿಸುವವರಿಗೆ, ಆರ್‌ಡಿ 350 ಬೈಕಿಗೆ ಡಾಲರಿನಲ್ಲಿ ಪಿಸ್ಟನ್ ಕಿಟ್ ತರಿಸುವವರಿಗೆ ಜಾಗವಿದೆ.

ರಾತ್ರಿ ಹೊತ್ತು ಮೊಬೈಲಿನಲ್ಲಿ ವಿದೇಶಿ ಫಾರೆಕ್ಸ್ ಆ್ಯಪ್ ಬಳಸುವ ಕ್ರಮವನ್ನು ಇಲ್ಲೇ ಬಿಟ್ಟುಬಿಡುತ್ತೇವೆ. ಅನುಮತಿ ಇಲ್ಲದ ವೇದಿಕೆಯಲ್ಲಿ ಫಾರೆಕ್ಸ್ ವ್ಯವಹಾರ ಮಾಡುವುದು ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಉಲ್ಲಂಘನೆ. ಹೊರಗಿನ ಬ್ರೋಕರ್‌ಗೆ ಮಾರ್ಜಿನ್ (ವ್ಯವಹಾರಕ್ಕೆ ಕಟ್ಟುವ ಭದ್ರತಾ ಹಣ) ಕಳಿಸಲೂ ಅವಕಾಶವಿಲ್ಲ. ಹಗಲು ಶೆಡ್ಡಿಗೆ ಪೂರ್ತಿ ಸಿಗುತ್ತದೆ ಎಂಬುದೊಂದೇ ಅದರ ಆಕರ್ಷಣೆ, ಅದಕ್ಕಾಗಿ ತಲೆ ಕೊಡಬೇಡಿ.

ಒಂದನೆಯ ಕ್ರಮ: ಫೋನನ್ನು ಪಕ್ಕದಲ್ಲಿಟ್ಟುಕೊಂಡು ದಿನವಿಡೀ ಎರಡೂ. ಅತಿ ಕೆಟ್ಟ ಫಲಿತಾಂಶ ಕೊಟ್ಟದ್ದು ಇದೇ. ಡಿಸ್ಕ್ ಬ್ರೇಕಿನ ಗಾಳಿ ತೆಗೆಯುವ ಕೆಲಸವನ್ನೇ ನೋಡಿ. ಕ್ಯಾಲಿಪರಿನ ನಿಪ್ಪಲ್‌ಗೆ ರಿಂಗ್ ಸ್ಪ್ಯಾನರ್ ಕೂರಿಸಿ, ಪಾರದರ್ಶಕ ಟ್ಯೂಬು ಹಾಕಿ, ಅದರ ತುದಿಯನ್ನು ಬಾಟಲಿಯ ಫ್ಲೂಯಿಡ್‌ನಲ್ಲಿ ಮುಳುಗಿಸಿರುತ್ತೀರಿ. ಲಿವರ್ ಒತ್ತಿ ಹಿಡಿದು ನಿಪ್ಪಲ್ ಕಾಲು ಸುತ್ತು ಸಡಿಲಿಸಬೇಕು, ಗುಳ್ಳೆ ಹೊರಬಂದ ಕೂಡಲೇ ಬಿಗಿಯಬೇಕು, ಆಮೇಲಷ್ಟೇ ಲಿವರ್ ಬಿಡಬೇಕು. ನಾಲ್ಕೈದು ಸಲಕ್ಕೊಮ್ಮೆ ಮೇಲಿನ ಡಬ್ಬಿಗೆ ಫ್ಲೂಯಿಡ್ ಸುರಿಯಬೇಕು. ನಡುವೆ ಅಲರ್ಟ್ ಬಂದು ಗಮನ ಆ ಕಡೆ ಹೋದರೆ ಡಬ್ಬಿ ಖಾಲಿಯಾಗಿ ಗಾಳಿ ಒಳಸೇರುತ್ತದೆ, ಕೆಲಸ ಮೊದಲಿನಿಂದ ಶುರು. ಕೈಗೆ ಅಂಟಿದ ಡಾಟ್ 4 ಫ್ಲೂಯಿಡ್ ಟ್ಯಾಂಕಿಗೆ ತಾಗಿದರೆ ಬಣ್ಣ ಎಬ್ಬಿಸುತ್ತದೆ, ಕೂಡಲೇ ನೀರು ಹಾಕಿ ತೊಳೆಯಬೇಕು. ಆಯಿಲ್ ಬೆರಳಿನಲ್ಲಿ ಮುಟ್ಟಿದ ಸ್ಕ್ರೀನಿನಲ್ಲಿ 1 ಲಾಟ್ (ಒಂದು ಕಾಂಟ್ರಾಕ್ಟ್) ಬದಲು 11 ಒತ್ತುವ ಅಪಾಯ ಬೇರೆ.

ಎರಡನೆಯದು: ಬೆಳಿಗ್ಗೆ 9ರಿಂದ 10.30 ಮಾರುಕಟ್ಟೆ, ಆಮೇಲೆ ಗಾಡಿ. ಮೊದಲ ಹದಿನೈದು ನಿಮಿಷ ಕೊಳ್ಳುವ–ಮಾರುವ ದರಗಳ ಅಂತರ ಅಗಲವಿರುತ್ತದೆ, 9.15ರ ನಂತರ ಕೈ ಹಾಕುವುದು ಲೇಸು. ರಿಸರ್ವ್ ಬ್ಯಾಂಕಿನ ರೆಪೊ ದರ ಘೋಷಣೆ ಬೆಳಿಗ್ಗೆ 10ಕ್ಕೆ ಆಗುವುದರಿಂದ ಅದೂ ಈ ಅವಧಿಯೊಳಗೇ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕ್ರಮ ಚೆನ್ನಾಗಿ ಒದಗಿತು. ಬೇಸಿಗೆಯಲ್ಲಿ ಕೈಕೊಟ್ಟಿತು. ಏಪ್ರಿಲ್–ಮೇಯಲ್ಲಿ ತಗಡಿನ ಶೆಡ್ಡಿನೊಳಗೆ ಮಧ್ಯಾಹ್ನ ನಿಲ್ಲುವುದೇ ಕಷ್ಟ. ಬೆವರಿದ ಬೆರಳು ತಾಗಿದ ಬೋರಿನ (ಸಿಲಿಂಡರಿನ ಒಳಮೈ) ಮೇಲೆ, ಬೇರಿಂಗಿನ ಮೇಲೆ ಮರುದಿನ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಕಾಣುತ್ತದೆ. ಕರಾವಳಿಯ ಬೇಸಿಗೆಯಲ್ಲಿ ಇಂಜಿನ್ ಕೆಲಸಕ್ಕೆ ಯೋಗ್ಯವಾದ ಹೊತ್ತೆಂದರೆ ಬೆಳಿಗ್ಗೆಯೇ, ಅದನ್ನು ಸ್ಕ್ರೀನಿಗೆ ಕೊಡುವುದು ನಷ್ಟ.

ಮೂರನೆಯದು, ಹಗಲು ಮಾರುಕಟ್ಟೆ, 5ರ ನಂತರ ಗಾಡಿ. ತಂಪು ಹೊತ್ತು, ಫೋನಿನ ಕಾಟವಿಲ್ಲ. ಆದರೆ ರಾತ್ರಿ 8ಕ್ಕೆ ಸೈಲೆನ್ಸರಿನ ಸ್ಟಡ್ ಮುರಿದರೆ ಲೇತಿನವರು ಸಿಗುವುದಿಲ್ಲ, ಕೆಲಸ ಅಲ್ಲಿಗೇ ನಿಂತಿತು. ಆಟಿಯ ಮಳೆಯಲ್ಲಿ ಕರೆಂಟು ಹೋದರಂತೂ ಟಾರ್ಚ್ ಬೆಳಕಿನಲ್ಲಿ ಸರ್ಕ್ಲಿಪ್ (ಸಣ್ಣ ಲಾಕ್ ಬಳೆ) ಹುಡುಕುವ ಪಾಡು.

ನಮಗೆ ನಿಂತದ್ದು ನಾಲ್ಕನೆಯದು: ಪಾರ್ಟ್ಸ್ ಬಿಲ್ಲಿನಷ್ಟೇ ಲಾಟ್ ಹಿಡಿದು, ಸ್ಕ್ರೀನ್ ನೋಡದೆ ಕೆಲಸಕ್ಕೆ ಇಳಿಯುವುದು. ಒಂದು ಲಾಟ್ ಅಂದರೆ 1000 ಡಾಲರ್ ಅಥವಾ 1000 ಯೂರೋ. ದರ 10 ಪೈಸೆ ಸರಿದರೆ ಲಾಟಿಗೆ 100 ರೂಪಾಯಿ. 2400 ಯೂರೋ ಬಿಲ್ ಇದ್ದರೆ 2 ಲಾಟ್ ಸಾಕು, 3 ಹಿಡಿದರೆ ಹೆಚ್ಚಿನ 600 ಯೂರೋ ಬರೀ ಬಾಜಿ. ಬಿಲ್ಲಿಗೆ ಸರಿಹೊಂದಿದ ಲಾಟಿಗೆ ಸ್ಟಾಪ್‌ಲಾಸ್ (ನಷ್ಟ ಇಷ್ಟಾದರೆ ತಾನಾಗಿ ಲಾಟ್ ಮುಗಿಸುವ ಆರ್ಡರ್) ಬೇಕಾಗಿಲ್ಲ: ಯೂರೋ ಇಳಿದು ಫ್ಯೂಚರಿನಲ್ಲಿ ಕಳೆದದ್ದು ಬಿಲ್ಲಿನಲ್ಲಿ ಹೆಚ್ಚುಕಮ್ಮಿ ಉಳಿಯುತ್ತದೆ. ಸ್ಕ್ರೀನ್ ಬಿಟ್ಟಿರಲು ಆಗುತ್ತಿಲ್ಲ ಅನ್ನಿಸಿದರೆ ಬಿಲ್ಲಿಗಿಂತ ಹೆಚ್ಚು ಹಿಡಿದಿದ್ದೀರಿ ಎಂದೇ ಲೆಕ್ಕ.

ಇದರಲ್ಲೂ ಎಡವುವ ಜಾಗಗಳಿವೆ. ನಷ್ಟ ಪ್ರತಿದಿನ ಖಾತೆಯಿಂದ ಕಡಿತವಾಗುತ್ತದೆ, ಬಿಲ್ಲಿನ ಉಳಿತಾಯ ಬರುವುದು ಪಾವತಿಯ ದಿನ. ಯೂರೋ 2 ರೂಪಾಯಿ ಇಳಿದರೆ ಲಾಟಿಗೆ 2000 ರೂಪಾಯಿ ಈಗಲೇ ಬೇಕು. ಮಾರ್ಜಿನ್ ಮೇಲೆ ಲಾಟಿಗೆ 4000 ರೂಪಾಯಿಯಾದರೂ ಹೆಚ್ಚುವರಿ ಇಟ್ಟಿರಬೇಕು, ಇಲ್ಲವಾದರೆ ಬ್ರೋಕರ್ ನಡುವೆಯೇ ಲಾಟ್ ಮುಗಿಸಿಬಿಡಬಹುದು. ಆ ದುಡ್ಡು ಪಾರ್ಟ್ಸ್ ದುಡ್ಡಿನ ಖಾತೆಯಲ್ಲಿ ಬೆರೆಯಬಾರದು. ತಿಂಗಳ ಕಾಂಟ್ರಾಕ್ಟ್ ಮುಗಿಯುವುದು ಆ ತಿಂಗಳ ಕೊನೆಯ ಕೆಲಸದ ದಿನಕ್ಕೆ ಎರಡು ಕೆಲಸದ ದಿನ ಮೊದಲು, ಮಧ್ಯಾಹ್ನ 12.30ಕ್ಕೆ. ಪಾವತಿ ಮುಂದಿನ ತಿಂಗಳ 10ಕ್ಕಿದ್ದರೆ ಮುಂದಿನ ತಿಂಗಳ ಕಾಂಟ್ರಾಕ್ಟನ್ನೇ ಹಿಡಿಯಬೇಕು. ಡಾಲರ್, ಯೂರೋಗಳಿಗಿಂತ ರೂಪಾಯಿಯ ಬಡ್ಡಿ ಹೆಚ್ಚಿರುವುದರಿಂದ ಆ ಕಾಂಟ್ರಾಕ್ಟಿನ ದರ ಇಂದಿನ ದರಕ್ಕಿಂತ ಮೇಲಿರುತ್ತದೆ, ಅದು ಈ ರಕ್ಷಣೆಗೆ ತೆರುವ ಬೆಲೆ. ಯೂರೋ ಕಾಂಟ್ರಾಕ್ಟಿನಲ್ಲಿ ವ್ಯವಹಾರ ತೆಳು, ಹಾಗಾಗಿ ಸಿಕ್ಕ ದರಕ್ಕೆ ಕೊಳ್ಳುವ ಮಾರ್ಕೆಟ್ ಆರ್ಡರ್ ಬೇಡ, ದರ ನೀವೇ ಹೇಳುವ ಲಿಮಿಟ್ ಆರ್ಡರೇ ಹಾಕಿ.

ಇನ್ನೊಂದು ಮಾತು. ಕ್ರೆಡಿಟ್ ಕಾರ್ಡಿನಲ್ಲಿ ವಿದೇಶಿ ಪಾವತಿಗೆ 3.5 ಶೇಕಡಾ ಮಾರ್ಕ್‌ಅಪ್ (ಬ್ಯಾಂಕಿನ ಹೆಚ್ಚುವರಿ ಶುಲ್ಕ) ಇದ್ದರೆ 1000 ಯೂರೋಗೆ 35 ಯೂರೋ ಹೋಯಿತು, ಅದರ ಮೇಲೆ ಜಿಎಸ್‌ಟಿ. ಸಣ್ಣ ಬಿಲ್ಲಿಗೆ ಲಾಟ್ ಹಿಡಿಯುವ ಮೊದಲು ಬ್ಯಾಂಕುಗಳ ಮಾರ್ಕ್‌ಅಪ್ ಹೋಲಿಸಿ, ಎಷ್ಟೋ ಸಲ ಉಳಿತಾಯ ಅಲ್ಲೇ ಸಿಗುತ್ತದೆ.

ಲಾಟ್ ಹಿಡಿಯುವ, ಬಿಡುವ ದಿನಗಳಲ್ಲಿ ಮಾತ್ರ ಫೋನ್ ಬೇಕು. ಆ ದಿನಗಳಿಗೆ ನಡುವೆ ಬಿಡಬಹುದಾದ ಕೆಲಸ ಇಟ್ಟುಕೊಳ್ಳಿ: ತುಕ್ಕು ಹಿಡಿದ ಟ್ಯಾಂಕಿಗೆ ವಿನೆಗರ್ ತುಂಬಿ 24 ಗಂಟೆ ಬಿಡುವುದು, ಹೊಸ ಕ್ಲಚ್ ಪ್ಲೇಟುಗಳನ್ನು ಆಯಿಲಿನಲ್ಲಿ ನೆನೆಸುವುದು, 5 ಎಎಚ್ ಬ್ಯಾಟರಿಗೆ 0.5 ಆಂಪಿಯರ್‌ನಲ್ಲಿ ಚಾರ್ಜ್, ಕಚ್ಚಿದ ಬೋಲ್ಟಿಗೆ ಡಬ್ಲ್ಯುಡಿ-40 ಹೊಡೆದು ಕಾಯುವುದು.

ನಡುವೆ ಬಿಡಲಾಗದ, ಕ್ರ್ಯಾಂಕ್‌ಕೇಸಿಗೆ ಬೇರಿಂಗ್ ಕೂರಿಸುವಂಥ ಕೆಲಸ ಮಾರುಕಟ್ಟೆಗೆ ರಜೆಯಿರುವ ಶನಿವಾರಕ್ಕೆ. ಬೇರಿಂಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ ಹಿಂದಿನ ರಾತ್ರಿ ಫ್ರೀಜರಿನಲ್ಲಿಡಿ, ಸುತ್ತದಿದ್ದರೆ ನಮ್ಮ ಗಾಳಿಯ ತೇವ ಅದರ ಮೇಲೆ ನೀರಾಗುತ್ತದೆ. ಕೇಸನ್ನು 100 ಡಿಗ್ರಿ ಆಸುಪಾಸು ಬಿಸಿಮಾಡಿದರೆ ಬೇರಿಂಗ್ ತಾನಾಗಿ ಜಾರಿ ಕೂರುತ್ತದೆ. ತಡಮಾಡಿದರೆ ಅರ್ಧದಲ್ಲಿ ಕಚ್ಚಿಕೊಳ್ಳುತ್ತದೆ, ಆಗ ಸುತ್ತಿಗೆ ಮುಟ್ಟಬೇಡಿ: ಬಾಲಿನ ಹಾದಿಗೆ ಗುಳಿ ಬಿದ್ದು ಇಂಜಿನ್ ಗುಂಯ್‌ಗುಡುತ್ತದೆ. ಮತ್ತೆ ಬಿಸಿಮಾಡಿ ತೆಗೆದು, ತಣ್ಣಗಾಗಿಸಿ, ಪುನಃ ಹಾಕಿ.

ವಾರದ ನಡುವೆ ಇಂಥ ಕೆಲಸಕ್ಕೆ ದಿನ ಬೇಕಿದ್ದರೆ ಕರೆನ್ಸಿ ಮಾರುಕಟ್ಟೆ ಅನುಸರಿಸುವ ಮುಂಬಯಿಯ ರಜೆಪಟ್ಟಿ ನೋಡಿ. ಫೆಬ್ರವರಿ 19ರ ಶಿವಾಜಿ ಜಯಂತಿಗೆ ಕರೆನ್ಸಿ ವಿಭಾಗ ಮುಚ್ಚಿರುತ್ತದೆ, ಇಲ್ಲಿನ ಲೇತ್ ತೆರೆದಿರುತ್ತದೆ. ನಮ್ಮ ರಾಜ್ಯೋತ್ಸವಕ್ಕೆ ಅಲ್ಲಿ ರಜೆಯಿಲ್ಲ.