ನಾಲ್ಕು ವರ್ಷ ಡಾಫ್ನಿ ಬಳಸಿದ ಮೇಲೆ

ಹೈಸ್ಕೂಲಿನಲ್ಲಿ ಪ್ರಮೇಯ ಬರೆಯುವಾಗ ಮೊದಲು ದತ್ತ, ಆಮೇಲೆ ಸಾಧನೀಯ, ಕೊನೆಗೆ ಸಾಧನೆ ಬರೆಯುತ್ತಿದ್ದೆವಲ್ಲ, ಕೋಡು ಸರಿಯಿದೆ ಎಂದು ಗಣಿತದ ರೀತಿಯಲ್ಲಿ ಸಾಬೀತು ಮಾಡಿಸುವ ಡಾಫ್ನಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದೂ ಹಾಗೇ. ‘ರಿಕ್ವೈರ್ಸ್’ ಅಂದರೆ ದತ್ತ, ‘ಎನ್ಶೂರ್ಸ್’ ಅಂದರೆ ಸಾಧನೀಯ. ಸಾಧನೆಯ ಬಹುಪಾಲನ್ನು ಒಳಗಿರುವ ಝಡ್3 ಸಾಲ್ವರ್ (ತರ್ಕದ ಲೆಕ್ಕ ಬಿಡಿಸುವ ತಂತ್ರಾಂಶ) ತಾನೇ ಹುಡುಕಿಕೊಳ್ಳುತ್ತದೆ. ಲೂಪಿನ ಇನ್ವೇರಿಯಂಟ್, ಅಂದರೆ ಪ್ರತಿ ಸುತ್ತಿನಲ್ಲೂ ನಿಜವಾಗೇ ಉಳಿಯುವ ಮಾತನ್ನು ಮಾತ್ರ ಸಾಮಾನ್ಯವಾಗಿ ನಾವೇ ಹೇಳಿಕೊಡಬೇಕು. ರುಸ್ತನ್ ಲೀನೊ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಕಟ್ಟಿದ ಭಾಷೆ ಇದು. ಸಾಬೀತಾದ ಕೋಡನ್ನೇ ಜಾವಾ, ಗೋ, ಪೈಥಾನ್‌ಗೆ ಇಳಿಸಿಕೊಡುತ್ತದೆ. ನಾನು ಇದನ್ನು ಹಿಡಿದದ್ದೇ ಆ ಕಾರಣಕ್ಕೆ.

ಇದರ ಬೆಲೆ ನನಗೆ ತಿಳಿದದ್ದು ಬೈನರಿ ಸರ್ಚ್ (ಕ್ರಮದಲ್ಲಿರುವ ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತಾ ಹುಡುಕುವ ವಿಧಾನ) ಬರೆದಾಗ. ನಡುವಿನ ಸ್ಥಾನಕ್ಕೆ (ಲೋ + ಹೈ) / 2 ಎಂದು ಬರೆದೆ, ಸಾಬೀತಾಯಿತು. ಡಾಫ್ನಿಯ ‘ಇಂಟ್’ ಗಣಿತದ ಪೂರ್ಣಾಂಕ, ಅದಕ್ಕೆ ಮೇಲ್ಮಿತಿಯೇ ಇಲ್ಲ. ನಮ್ಮ ಜಾವಾದಲ್ಲಿ ಇರುವುದು 32 ಬಿಟ್, ಅದಕ್ಕೆ ಮಿತಿ ಉಂಟು. ಆ ಮಿತಿಯನ್ನು ‘ನ್ಯೂಟೈಪ್’ (ನಾವೇ ಮಿತಿ ಹಾಕಿದ ಸಂಖ್ಯೆಯ ಬಗೆ) ಆಗಿ ಬರೆದುಕೊಟ್ಟ ಕೂಡಲೇ ಅದೇ ಸಾಲಿನ ಕೆಳಗೆ ಕೆಂಪು ಗೆರೆ: ಮೊತ್ತ 214,74,83,647 ದಾಟಬಹುದು! ಜಾವಾದ ಸ್ವಂತ ಲೈಬ್ರರಿಯಲ್ಲೇ ಈ ತಪ್ಪು ವರ್ಷಗಟ್ಟಲೆ ಅಡಗಿ ಕೂತಿತ್ತು. ಆ ಕೋಡು ಬರೆದಿದ್ದ ಜೋಶುವಾ ಬ್ಲಾಕ್ 2006ರಲ್ಲಿ ಈ ತಪ್ಪಿನ ಬಗ್ಗೆ ಲೇಖನ ಬರೆದ ಮೇಲೆ ಎಲ್ಲರ ಬಾಯಿಗೆ ಬಂತು. ಲೋ + (ಹೈ - ಲೋ) / 2 ಎಂದು ತಿದ್ದಿದೆ, ಗೆರೆ ಹೋಯಿತು. ಸಾಧನೆ ಮೊದಲೂ ಸುಳ್ಳಾಗಿರಲಿಲ್ಲ. ದತ್ತವನ್ನು ನಾನು ಅರ್ಧ ಹೇಳಿದ್ದೆ, ಅಷ್ಟೆ.

ಸಾಧನೀಯವನ್ನು ಅರ್ಧ ಹೇಳಿದ್ದೂ ಉಂಟು. ಸಾರ್ಟಿಂಗ್‌ಗೆ ‘ಫಲಿತಾಂಶ ಏರಿಕೆ ಕ್ರಮದಲ್ಲಿರಬೇಕು’ ಎಂದಷ್ಟೇ ಬರೆದಿದ್ದೆ. ತಂಡದ ಹೊಸ ಹುಡುಗ ನೋಡಿ, “ಅಕ್ಕಾ, ಖಾಲಿ ಪಟ್ಟಿ ವಾಪಸ್ ಕೊಟ್ಟರೂ ಇದು ಪಾಸಾಗತ್ತಲ್ವಾ?” ಅಂದ. ಕೊಟ್ಟು ನೋಡಿದೆವು, ಪಾಸಾಯಿತು. ಕೊಟ್ಟ ಅಂಶಗಳೇ ಹಿಂತಿರುಗಬೇಕು ಎನ್ನುವ ‘ಮಲ್ಟಿಸೆಟ್’ ಸಾಲು ಅಂದೇ ಸೇರಿತು. ಈಗ ನಮ್ಮಲ್ಲಿ ರಿವ್ಯೂ ಶುರುವಾಗುವುದೇ ಎನ್ಶೂರ್ಸ್‌ನಿಂದ.

ಕಾಡುವ ಸಂಗತಿ, ಸಾಲ್ವರ್ ಸಮಯದ ಮಿತಿಯೊಳಗೆ ಮುಗಿಸಲಾಗದೆ ಕೈಚೆಲ್ಲುವ ಟೈಮ್‌ಔಟ್. ನಿನ್ನೆ ಎರಡು ಸೆಕೆಂಡಿನಲ್ಲಿ ಮುಗಿದ ಲೆಮ್ಮಾ (ದೊಡ್ಡ ಸಾಧನೆಗೆ ನೆರವಾಗುವ ಉಪಪ್ರಮೇಯ), ಇಂದು ಒಂದು ವೇರಿಯಬಲ್‌ನ ಹೆಸರು ಬದಲಿಸಿದ್ದಕ್ಕೆ ಮುಗಿಯುವುದೇ ಇಲ್ಲ. ಆವೃತ್ತಿ ಬದಲಾದಾಗಲಂತೂ ವಾರವೇ ಹೋಗಿದೆ. ದೊಡ್ಡ ಲೆಮ್ಮಾವನ್ನು ಒಡೆದು ಚಿಕ್ಕದು ಮಾಡುವುದೇ ನಾನು ಕಂಡುಕೊಂಡ ದಾರಿ. ಗುಣಾಕಾರ, ಭಾಗಾಕಾರ ಬಂದಲ್ಲಿ ಹೆಜ್ಜೆಹೆಜ್ಜೆಯಾಗಿ ಕೈಯಲ್ಲೇ ಬಿಡಿಸಿ ಕೊಡಬೇಕು.

ಹಣದ ಲೆಕ್ಕ, ಯಾರಿಗೆ ಯಾವ ಅನುಮತಿ ಎನ್ನುವ ತರ್ಕ ನಿಮ್ಮ ಕೈಯಲ್ಲಿದ್ದರೆ ಕಣ್ಣುಮುಚ್ಚಿ ಕಲಿಯಿರಿ ಎನ್ನುತ್ತೇನೆ. ‘ಎಕ್ಸ್‌ಟರ್ನ್’ ಹಾಕಿ ಹೊರಗಿನ ಜಾವಾ ಕೋಡು ಜೋಡಿಸುವ ಜಾಗದಲ್ಲಿ ಮಾತ್ರ ಹುಷಾರು: ಅಲ್ಲಿ ನಾವು ಬರೆದ ಎನ್ಶೂರ್ಸ್ ಅನ್ನು ಡಾಫ್ನಿ ಪರೀಕ್ಷಿಸುವುದಿಲ್ಲ, ನಂಬುತ್ತದೆ. ಆ ಜಾಗಗಳಿಗೆ ನಾವು ಈಗಲೂ ಹಳೇ ರೀತಿಯ ಟೆಸ್ಟ್‌ಗಳನ್ನೇ ಬರೆಯುತ್ತಿದ್ದೇವೆ.