ಟೀ, ಫೀಡ್‌ಥ್ರೂ, ಪ್ರೋಬ್: 50 ಓಮ್ ಕೇಬಲ್‌ಗೆ ಯಾವುದು ಸರಿ?

ಕಲಬುರಗಿಯ ನನ್ನ ರಿಪೇರಿ ಮೇಜಿನ ಮೇಲಿರುವುದು 100 ಮೆಗಾಹರ್ಟ್ಸ್ ಆಸಿಲೋಸ್ಕೋಪ್, ಅಂದರೆ ವಿದ್ಯುತ್ ಸಂಕೇತದ ಆಕಾರವನ್ನು ಪರದೆಯಲ್ಲಿ ತೋರಿಸುವ ಯಂತ್ರ. ಇನ್‌ಪುಟ್ 1 ಮೆಗಾಓಮ್ ಮಾತ್ರ. 50 ಓಮ್ ಸೌಲಭ್ಯ ಇರುವ ಯಂತ್ರದ ಬೆಲೆ ಕೇಳಿದರೆ ಕೈ ತಾನಾಗಿ ಜೇಬಿನಿಂದ ಹೊರಬರುತ್ತದೆ. 50 ಓಮ್ ಕೇಬಲ್‌ನ ತುದಿಯಲ್ಲಿ ಅಷ್ಟೇ ಓಮ್ ಹೊರೆ ಇಲ್ಲದಿದ್ದರೆ ಸಂಕೇತದ ಅಲೆ ಗೋಡೆಗೆ ಬಡಿದಂತೆ ಹಿಂದಿರುಗುತ್ತದೆ. ಹಾಗಾಗಿ 50 ಓಮ್‌ನ ಆರ್‌ಜಿ-58 ಕೇಬಲ್‌ನ ತುದಿಗೆ ಏನು ಹಾಕಬೇಕು ಎಂಬುದನ್ನು ಒಂದೇ ಪಲ್ಸ್ ಮೂಲ ಇಟ್ಟುಕೊಂಡು ನೋಡಿದೆ. ಮೂಲ 5 ವೋಲ್ಟ್‌ನ 74ಎಸಿ14 ಚಿಪ್, ಒಳಗೆ ಆರು ಗೇಟ್ (ವೇಗದ ಎಲೆಕ್ಟ್ರಾನಿಕ್ ಸ್ವಿಚ್): ಒಂದು ಗೇಟ್ ಪಲ್ಸ್ ಹುಟ್ಟಿಸುವ ಆಸಿಲೇಟರ್, ಉಳಿದ ಐದರ ಔಟ್‌ಪುಟ್‌ಗೆ ತಲಾ 220 ಓಮ್ ಹಾಕಿ ಒಟ್ಟುಗೂಡಿಸಿದರೆ ಸುಮಾರು 50 ಓಮ್.

ಏನೂ ಹಾಕದ ಬರೀ ಕೇಬಲ್ ಮೊದಲಿಗೆ ಒಳ್ಳೆಯದೇ ಅನ್ನಿಸುತ್ತದೆ. ಮೂಲವೇ 50 ಓಮ್ ಆದ್ದರಿಂದ ಮರಳಿದ ಅಲೆಯನ್ನು ಅದು ನುಂಗಿಬಿಡುತ್ತದೆ. ಅಂಚು ನೇರವಾಗಿ ಕಾಣುತ್ತದೆ, ಆದರೆ 2.5ರ ಬದಲು 5 ವೋಲ್ಟ್. ರೆಸಿಸ್ಟರ್‌ಗಳನ್ನು ತೆಗೆದು ಗೇಟನ್ನು ನೇರ ಜೋಡಿಸಿದಾಗ ಬಣ್ಣ ಬಯಲಾಯಿತು. 2 ಮೀಟರ್ ಕೇಬಲ್ ದಾಟಲು ಸಂಕೇತಕ್ಕೆ ಸುಮಾರು 10 ನ್ಯಾನೋಸೆಕೆಂಡ್ ಬೇಕು. ಅಲೆ ಹಿಂದೆ ಮುಂದೆ ಓಡಾಡಿ 40 ನ್ಯಾನೋಸೆಕೆಂಡ್‌ಗೊಮ್ಮೆ, ಅಂದರೆ 25 ಮೆಗಾಹರ್ಟ್ಸ್‌ನಲ್ಲಿ, ಕಂಪಿಸಿತು. ಚಿಪ್‌ನಲ್ಲಿ ಅಂಥ ಸಂಕೇತವೇ ಇಲ್ಲ.

ಕೇಬಲ್ ಮತ್ತು ಸ್ಕೋಪ್ ನಡುವೆ ಕೂರುವ, ಒಳಗೇ 50 ಓಮ್ ಇರುವ ಫೀಡ್‌ಥ್ರೂ ಟರ್ಮಿನೇಟರನ್ನು ಹೈದರಾಬಾದಿನ ಕೋಟಿ ಮಾರುಕಟ್ಟೆಯಿಂದ ತರಿಸಿದೆ. ಅಚ್ಚುಕಟ್ಟಾದ ವಸ್ತು. ಆದರೆ ಸ್ಕೋಪ್‌ನ ಮೂತಿಗೇ ಬಿಎನ್‌ಸಿ ಟೀ (ಮೂರು ಬಾಯಿಯ ಕನೆಕ್ಟರ್) ಹಾಕಿ, ಅದರ ಒಂದು ಕೈಗೆ ಕೇಬಲ್, ಇನ್ನೊಂದು ಕೈಗೆ 50 ಓಮ್ ಟರ್ಮಿನೇಟರ್ ಸಿಕ್ಕಿಸಿದರೂ ಪರದೆಯಲ್ಲಿ ಅದೇ ಚಿತ್ರ. ಸ್ಕೋಪ್ ಇನ್‌ಪುಟ್‌ನ 15 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಎರಡರಲ್ಲೂ ಇದ್ದೇ ಇರುತ್ತದೆ, 3.5 ನ್ಯಾನೋಸೆಕೆಂಡ್ ಏರುಸಮಯದ (ಅಂಚು ಏರುವುದನ್ನು ತೋರಿಸಲು ಬೇಕಾಗುವ ಕನಿಷ್ಠ ಸಮಯ) ಯಂತ್ರಕ್ಕೆ ಅದು ಲೆಕ್ಕಕ್ಕಿಲ್ಲ. ನನ್ನ ಮತ ಅಗ್ಗದ ಟೀಗೆ. ಟೀಯಿಂದ ಸ್ಕೋಪ್‌ವರೆಗೆ ಇನ್ನೊಂದು ಕೇಬಲ್ ಎಳೆದರೆ ಮಾತ್ರ ಎಲ್ಲವೂ ವ್ಯರ್ಥ.

ನಮ್ಮೂರಿನ ಸೂಪರ್ ಮಾರ್ಕೆಟ್ ಕಡೆ ಕೇಬಲ್ ಕೊಳ್ಳುವವರು ಮೈಮೇಲಿನ ಅಕ್ಷರ ಓದಿಕೊಳ್ಳಿ. ಸಿಸಿಟಿವಿಗೆ ಬಳಸುವ ಆರ್‌ಜಿ-59 75 ಓಮ್‌ನದು. 50 ಓಮ್ ತುದಿಯಲ್ಲಿ ಅದು ಐದನೇ ಒಂದು ಭಾಗ ವೋಲ್ಟೇಜನ್ನು ತಲೆಕೆಳಗಾಗಿ ಹಿಂದಕ್ಕೆ ಕಳಿಸುತ್ತದೆ.

ಕೇಬಲ್ ಬಿಟ್ಟು ಬೋರ್ಡಿನ ಮೇಲೆಯೇ ಅಳೆಯಬೇಕಾದರೆ 10ಎಕ್ಸ್ ಪ್ರೋಬ್ (ಸಂಕೇತವನ್ನು ಹತ್ತನೇ ಒಂದಕ್ಕೆ ಇಳಿಸುವ ಅಳತೆ ಕಡ್ಡಿ) ಇದೆ. ಆದರೆ ಅದರ 15 ಸೆಂಟಿಮೀಟರ್ ಗ್ರೌಂಡ್ ತಂತಿ ಪ್ರೋಬ್‌ನ ಕೆಪಾಸಿಟೆನ್ಸ್ ಜೊತೆ ಸೇರಿ ಸುಮಾರು 120 ಮೆಗಾಹರ್ಟ್ಸ್‌ನಲ್ಲಿ ಅನುರಣಿಸುತ್ತದೆ, ಅಂಚಿನ ಮೇಲೆ ಕೊಂಬು ಮೂಡುತ್ತದೆ. ತಂತಿ ಕಳಚಿ ಚಿಕ್ಕ ಸ್ಪ್ರಿಂಗ್ ಹಾಕಿದರೆ ಕೊಂಬು ಬಹುಪಾಲು ಮಾಯ. ಇದಕ್ಕಿಂತ ನನಗೆ ಹಿಡಿಸಿದ್ದು ಎರಡು 910 ಓಮ್ ರೆಸಿಸ್ಟರ್‌ಗಳನ್ನು ಸಮಾಂತರವಾಗಿ ಕೇಬಲ್‌ನ ಬೋರ್ಡ್ ಕಡೆಯ ತುದಿಗೆ ಬೆಸೆದು, ಸ್ಕೋಪ್ ಬದಿಯಲ್ಲಿ ಅದೇ ಟೀ ಬಳಸುವುದು. ಸಂಕೇತ ಸುಮಾರು ಹತ್ತನೇ ಒಂದಕ್ಕೆ ಇಳಿಯುತ್ತದೆ, ಕೆಪಾಸಿಟೆನ್ಸ್ ಹೊರೆ ಬಹಳ ಕಡಿಮೆ. ವೇಗದ ಕ್ಲಾಕ್ ನೋಡಲು ಇದನ್ನೇ ಎತ್ತಿಕೊಳ್ಳುತ್ತೇನೆ. 4.7 ಕಿಲೋಓಮ್ ಪುಲ್‌ಅಪ್ (ತಂತಿಯನ್ನು 5 ವೋಲ್ಟ್‌ಗೆ ಎಳೆದಿಡುವ ರೆಸಿಸ್ಟರ್) ಇರುವ, ಚಿಪ್‌ಗಳು ತಮ್ಮೊಳಗೆ ಮಾತಾಡಿಕೊಳ್ಳುವ ಐ2ಸಿ ತಂತಿಗೆ ಮಾತ್ರ ಮುಟ್ಟಿಸುವಂತಿಲ್ಲ: ಇದರ 505 ಓಮ್ (455ಕ್ಕೆ ಟೀಯ 50 ಸೇರಿ) ಹೊರೆಗೆ 5 ವೋಲ್ಟ್ ಅರ್ಧ ವೋಲ್ಟ್‌ಗೆ ಕುಸಿದು ಆ ಮಾತುಕತೆ ನಿಂತೇ ಹೋಗುತ್ತದೆ. ಅಲ್ಲಿಗೆ ಸ್ಪ್ರಿಂಗ್ ಹಾಕಿದ 10ಎಕ್ಸ್ ಪ್ರೋಬೇ ಬೇಕು.